ಬಾಗಿಲು ಎಣಿಸಿಕೋ, ಮಗಳೇ

ಶಕ್ತಿನಗರ, ರಾಯಚೂರು

ಪ್ರೀತಿಯ ಮಗಳೇ,

ನೀನು ಮೊಬೈಲಿಗೆ ಕಳುಹಿಸಿದ ಟಿಕೆಟನ್ನೂ ಅದರ ಜೊತೆಗಿದ್ದ ನಿಯಮಗಳನ್ನೂ ಮೂರು ದಿನ ಕುಳಿತು ಓದಿದೆ. ಅಕ್ಷರ ಸಣ್ಣದಾಗಿದ್ದ ಕಡೆ ಹಿಗ್ಗಿಸಿಕೊಂಡು ಓದಿದೆ. ಮುಂಬೈಯಲ್ಲಿ ಹಡಗು ಹತ್ತುವುದು, ಗೋವಾ, ಲಕ್ಷದ್ವೀಪ, ಒಟ್ಟು ಐದು ರಾತ್ರಿ. ಅಂದಿನಿಂದ ನಿನ್ನ ಅಮ್ಮ ನೀರಿನ ಚಿಂತೆ ಹಚ್ಚಿಕೊಂಡಿದ್ದಾಳೆ. ಕೃಷ್ಣೆಯ ದಡದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳು, ತುಂಬಿದ ಹೊಳೆಯನ್ನು ಕಣ್ಣಾರೆ ಕಂಡವಳು. ಅವಳ ಭಯಕ್ಕೆ ಕಾರಣವಿದೆ. ನನ್ನ ಭಯ ಬೇರೆ. ಹಡಗಿನ ಮಾತು ಬಂದಾಗ ನಾನು ಹೆದರುವುದು ಬೆಂಕಿಗೆ.

ನಮ್ಮ ಕಡೆ ಬೇಸಿಗೆಯಲ್ಲಿ ಬಣವೆಗೆ ಬೆಂಕಿ ಬಿದ್ದರೆ ಫೋನ್ ಮಾಡುತ್ತೇವೆ, ತಡವಾಗಿಯಾದರೂ ಅಗ್ನಿಶಾಮಕ ವಾಹನ ಬರುತ್ತದೆ. ಅದು ಬರುವ ತನಕ ದೂರ ಸರಿದು ನಿಲ್ಲಲು ಹೊಲವಿರುತ್ತದೆ. ನಡುಗಡಲಿನಲ್ಲಿ ಸರಿದು ನಿಲ್ಲಲು ಜಾಗವಿಲ್ಲ, ಬರುವ ವಾಹನವೂ ಇಲ್ಲ. ಊಟ ಬಡಿಸುವವರು, ಹಾಸಿಗೆ ಹಾಸುವವರು, ಬಟ್ಟೆ ಒಗೆಯುವವರು, ಅವರೇ ಅಲ್ಲಿನ ಅಗ್ನಿಶಾಮಕ ದಳ. ವಿದ್ಯುತ್ ಸ್ಥಾವರದಲ್ಲಿ ನನ್ನ ಜೊತೆಗೆ ಕೆಲಸಕ್ಕಿದ್ದವರೊಬ್ಬರ ಮಗ ಈಗ ಪ್ರಯಾಣಿಕರ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ರಜೆಗೆ ಬಂದಿದ್ದಾನೆ ಎಂದು ತಿಳಿದು ಅವನ ಮನೆಗೇ ಹೋಗಿ ಒಂದು ಸಂಜೆ ಪೂರ್ತಿ ಕುಳಿತು ಕೇಳಿಕೊಂಡು ಬಂದೆ. ಪ್ರತಿ ವಾರ ಸಿಬ್ಬಂದಿಗೆ ಬೆಂಕಿಯ ಕವಾಯತು ಇದ್ದೇ ಇರುತ್ತದಂತೆ. ಅದನ್ನು ಕೇಳಿ ಅರ್ಧ ಸಮಾಧಾನವಾಯಿತು. ಉಳಿದ ಅರ್ಧ ನಿನ್ನ ಕೈಯಲ್ಲಿದೆ.

ನಿನಗೆ ಇದುವರೆಗೆ ಪೂರ್ತಿಯಾಗಿ ಹೇಳದ ಒಂದು ವಿಷಯವನ್ನು ಇಲ್ಲಿ ಬರೆಯುತ್ತೇನೆ. ನಿನಗಾಗ ನಾಲ್ಕು ವರ್ಷ. ಯಾತ್ರೆಗೆ ಹೋಗಿ ಒಂದು ವಸತಿಗೃಹದಲ್ಲಿ ಇಳಿದಿದ್ದೆವು. ನಿನ್ನ ಅಮ್ಮ ನಸುಕಿನಲ್ಲೇ ಹೊಳೆಗೆ ಸ್ನಾನಕ್ಕೆ ಹೋಗಿದ್ದಳು. ನಿನ್ನ ಸ್ನಾನಕ್ಕೆ ನೀರು ಕಾಯಲೆಂದು ಊರಿನಿಂದ ತಂದಿದ್ದ ಕರೆಂಟಿನ ಕಾಯಿಲನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಳಿಬಿಟ್ಟು, ನೀನು ಮಲಗಿದ್ದೆಯಲ್ಲ ಎಂದು ಹಾಲು ತರಲು ಕೆಳಗಿಳಿದೆ. ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವನು, ಎಚ್ಚರಿಕೆಯ ಫಲಕಗಳ ನಡುವೆಯೇ ದಿನ ಕಳೆಯುವವನು, ಆ ತಪ್ಪು ಮಾಡಿದೆ. ಹತ್ತು ನಿಮಿಷಕ್ಕೆ ವಾಪಸು ಬಂದಾಗ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಬಕೆಟ್ ಕರಗಿ, ಪಕ್ಕದಲ್ಲಿ ಒಣಗಲು ಹಾಕಿದ್ದ ಹೊದಿಕೆ ಹೊತ್ತಿಕೊಂಡಿತ್ತು.

ಉರಿ ದೊಡ್ಡದೇನೂ ಇರಲಿಲ್ಲ. ಹೊಗೆ ಮಾತ್ರ ಕೋಣೆಯನ್ನು ತುಂಬಿಬಿಟ್ಟಿತ್ತು. ಹತ್ತಡಿಗೆ ಹತ್ತಡಿಯ ಕೋಣೆ ಮಗಳೇ, ರಾತ್ರಿಯೆಲ್ಲ ಅಲ್ಲೇ ಇದ್ದವನು ನಾನು, ಆದರೂ ಮಂಚ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯಲಿಲ್ಲ. ಕಣ್ಣು ತೆರೆದರೆ ಉರಿ, ಬಾಯಿ ತೆರೆದರೆ ಕೆಮ್ಮು. ಮಂಡಿಯೂರಿ ನೆಲದ ಮೇಲೆ ಕೈ ಸವರುತ್ತಾ ಹೋದೆ. ನೆಲದ ಹತ್ತಿರ ಮಾತ್ರ ಒಂದಿಷ್ಟು ಗಾಳಿಯಿತ್ತು. ಮೊದಲು ಕೈಗೆ ಸಿಕ್ಕಿದ್ದು ನಿನ್ನ ಕಾಲ್ಗೆಜ್ಜೆ. ನೀನು ಮಂಚದಿಂದ ಇಳಿದು ಅದರ ಕೆಳಗೆ ಸೇರಿಕೊಂಡಿದ್ದೆ.

ಅಂದಿನಿಂದ ಯಾವ ಊರಿನ ಯಾವ ಕೋಣೆಗೆ ಹೋದರೂ ನಾನು ಮೊದಲು ಬಾಗಿಲಿನಿಂದ ಮೆಟ್ಟಿಲಿನವರೆಗೆ ನಡೆದು ಬರುವುದನ್ನು ನೀನು ನೋಡಿದ್ದೀಯ. ಏಕೆಂದು ಒಮ್ಮೆ ನೀನು ಕೇಳಿದ್ದೆ, ಆಗ ನಾನು ಮಾತು ತೇಲಿಸಿದ್ದೆ. ಕಾರಣ ಇದು.

ಹಾಗಾಗಿ ಕ್ಯಾಬಿನ್ ಸಿಕ್ಕ ಕೂಡಲೇ, ಪೆಟ್ಟಿಗೆ ಬಿಚ್ಚುವ ಮುಂಚೆ, ಫೋಟೊ ತೆಗೆಯುವ ಮುಂಚೆ, ಮಗುವಿನ ಕೈ ಹಿಡಿದು ಹಜಾರಕ್ಕೆ ಬಾ. ನಿನ್ನ ಬಾಗಿಲಿನಿಂದ ಹತ್ತಿರದ ಮೆಟ್ಟಿಲಿಗೆ ಎಷ್ಟು ಬಾಗಿಲುಗಳು ಎಂದು ಎಣಿಸು. ಕಣ್ಣಿನಿಂದ ಎಣಿಸಿದರೆ ಸಾಲದು, ಗೋಡೆಯ ಮೇಲೆ ಅಂಗೈ ಇಟ್ಟು ಬಾಗಿಲ ಚೌಕಟ್ಟು ಸಿಕ್ಕಾಗಲೆಲ್ಲ ಎಣಿಸು. ಎಡಕ್ಕೆ ಐದು, ಬಲಕ್ಕೆ ಒಂಬತ್ತು, ಹೀಗೆ ಎರಡೂ ದಿಕ್ಕು ಬಾಯಿಪಾಠವಾಗಬೇಕು. ಒಂದು ದಾರಿಯಲ್ಲಿ ಹೊಗೆ ತುಂಬಿದರೆ ಇನ್ನೊಂದು ಬೇಕಲ್ಲ. ಹಡಗಿನ ಹಜಾರಗಳು ಎಲ್ಲವೂ ಒಂದೇ ತರಹ, ಒಂದೇ ಬಣ್ಣ, ಉದ್ದಕ್ಕೆ ಬೀದಿಯಂತೆ. ಗೋಡೆಯ ಕೆಳಗೆ, ನೆಲದ ಮಟ್ಟದಲ್ಲಿ, ಕತ್ತಲಲ್ಲಿ ಹೊಳೆಯುವ ಪಟ್ಟಿಯೋ ಸಣ್ಣ ದೀಪಗಳೋ ಇರುತ್ತವೆ. ಅವನ್ನು ಅಷ್ಟು ಕೆಳಗೆ ಇಟ್ಟಿರುವುದು ಹೊಗೆಯಲ್ಲಿ ತೆವಳುವವರ ಕಣ್ಣಿಗೆ ಬೀಳಲೆಂದು. ಮಗುವಿಗೆ ಅದನ್ನು ತೋರಿಸು. ಬೆಂಕಿಯ ಎಚ್ಚರಿಕೆ ಬಂದಾಗ ಕ್ಯಾಬಿನ್ ಬಾಗಿಲನ್ನು ಥಟ್ಟನೆ ತೆರೆಯಬೇಡ, ಹಿಂಗೈಯಿಂದ ಮುಟ್ಟಿ ನೋಡು. ಬಿಸಿಯಿದ್ದರೆ ಮುಚ್ಚಿಯೇ ಇರಲಿ; ಸಂದಿಗೆ ಒದ್ದೆ ಟವೆಲ್ ತುರುಕಿ, ಫೋನಿನಿಂದ ಸಿಬ್ಬಂದಿಗೆ ತಿಳಿಸು. ಲಿಫ್ಟ್ ಹತ್ತುವ ಮಾತೇ ಬೇಡ.

ಬಾಗಿಲ ಹಿಂಭಾಗದಲ್ಲಿ ನಕ್ಷೆ ಇರುತ್ತದೆ, ತುರ್ತಿನಲ್ಲಿ ನೀವು ಸೇರಬೇಕಾದ ಜಾಗದ ಸಂಕೇತ ಹಡಗಿನವರು ನಿನಗೆ ಕೊಡುವ ಕಾರ್ಡಿನ ಮೇಲೂ ಅಚ್ಚಾಗಿರುತ್ತದೆ. ಜೀವರಕ್ಷಕ ಜಾಕೆಟ್‌ಗಳು ಕೆಲವು ಹಡಗುಗಳಲ್ಲಿ ಕಪಾಟಿನಲ್ಲಿರುತ್ತವೆ, ಕೆಲವುಗಳಲ್ಲಿ ಆ ಸೇರುವ ಜಾಗದಲ್ಲೇ ಕೊಡುತ್ತಾರೆ. ಕೇಳಿ ತಿಳಿದುಕೋ. ಮಗುವಿನ ಅಳತೆಯದು ಇಲ್ಲದಿದ್ದರೆ ಅಂದೇ ಕೇಳಿ ಪಡೆದುಕೋ, ನಾಳೆಗೆ ಬಿಡಬೇಡ.

ಹಡಗು ಹೊರಡುವ ಮುಂಚೆ ಕವಾಯತಿಗೆ ಕರೆಯುತ್ತಾರೆ. ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದವಾಗಿ ಸದ್ದು: ಇದೇ ತುರ್ತಿನ ಸಂಕೇತ. ಶಕ್ತಿನಗರದ ಸೈರನ್ನಿಗೆ ಬೆಳೆದವಳು ನೀನು, ಸದ್ದಿನ ಅರ್ಥ ಗುರುತಿಟ್ಟುಕೊಳ್ಳುವುದು ನಿನಗೆ ಹೊಸದಲ್ಲ. ಹಿಂದೆ ಈ ಕವಾಯತನ್ನು ಹಡಗು ಹತ್ತಿ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ವಾಲಿತು. 4,200ಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರ ಜನವರಿಯಿಂದ ಹಡಗು ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಮಾಡಬೇಕೆಂದಾಯಿತು. ಈಗ ಕೆಲವು ಕಡೆ ಟಿವಿಯಲ್ಲಿ ವಿಡಿಯೊ ತೋರಿಸಿ, ಆ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಸಾಕೆನ್ನುತ್ತಾರಂತೆ. ಹಾಗಿದ್ದರೂ ವಿಡಿಯೊವನ್ನು ಹಾಕಿ ಬಟ್ಟೆ ಜೋಡಿಸುತ್ತಾ ಕೂರಬೇಡ. ಮೂವರೂ ಕುಳಿತು ನೋಡಿ.

ಇನ್ನು ಪೆಟ್ಟಿಗೆಯ ವಿಚಾರ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಕಾಯಿಲ್, ಮೇಣದಬತ್ತಿ, ಊದುಬತ್ತಿ, ಕರ್ಪೂರ ಯಾವುದೂ ಬೇಡ. ಹತ್ತುವಾಗಲೇ ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತಾರೆ, ಸಿಕ್ಕಿದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ. ನೀನು ಕೇಳಿದ್ದೆಯಲ್ಲ, ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಲು ಏಕೆ ಬಿಡುವುದಿಲ್ಲ ಎಂದು. ಇದು ನನ್ನ ಕಸುಬಿನ ಮಾತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲನ್ನು ಭೂಮಿಗೆ ಕಟ್ಟಿರುತ್ತಾರೆ. ಬಹಳಷ್ಟು ಹಡಗುಗಳಲ್ಲಿ ಹಾಗಲ್ಲ, ಎರಡು ತಂತಿಗಳಲ್ಲೂ ವಿದ್ಯುತ್ತು ಇರುತ್ತದೆ, ಯಾವುದನ್ನೂ ಹಡಗಿನ ಉಕ್ಕಿಗೆ ಕಟ್ಟಿರುವುದಿಲ್ಲ. ಎಲ್ಲೋ ಒಂದು ಕಡೆ ಒಂದು ತಂತಿ ಉಕ್ಕಿಗೆ ತಾಗಿದರೂ ದೀಪ ಆರಬಾರದು, ಯಂತ್ರ ನಿಲ್ಲಬಾರದು ಎಂಬ ಉದ್ದೇಶ ಅದರದು. ಆದರೆ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ ಸರ್ಜ್, ಅಂದರೆ ವಿದ್ಯುತ್ತಿನ ಹಠಾತ್ ಏರಿಕೆ, ತಡೆಯುವಂಥವು ಮನೆಯ ವ್ಯವಸ್ಥೆಗೆಂದು ಮಾಡಿದವು. ಹಡಗಿನಲ್ಲಿ ಅಂಥ ದೋಷವೊಂದು ಬಂದ ಹೊತ್ತಿನಲ್ಲಿ ಅವುಗಳ ಒಳಗಿನ ಬಿಲ್ಲೆ ಕಾದು ಹೊತ್ತಿಕೊಳ್ಳಬಲ್ಲದು. ನೋಡಲು ಸುರಕ್ಷತೆಯ ವಸ್ತು, ಅಲ್ಲಿ ಅದೇ ಅಪಾಯ. ಅಲ್ಲಿನ ಸಾಕೆಟ್‌ಗಳು ಅಮೆರಿಕದ ಚಪ್ಪಟೆ ಪಿನ್ನಿಗೋ ಯುರೋಪಿನ ಎರಡು ದುಂಡು ಪಿನ್ನಿಗೋ ಇರಬಹುದು, ನಮ್ಮ ದಪ್ಪ ಮೂರು ಪಿನ್ನು ಕೂರುವುದಿಲ್ಲ. ಒಂದು ಸಾದಾ ಅಡಾಪ್ಟರ್ ಸಾಕು. ಫೋನನ್ನು ಚಾರ್ಜಿಗೆ ಹಾಕಿ ಹಾಸಿಗೆಯ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡ.

ಕ್ಯಾಬಿನ್ನಿನ ಚಾವಣಿಯಲ್ಲಿ ಸಣ್ಣ ಲೋಹದ ಮೂತಿಯೊಂದು ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರ ನಡುವೆ ಕಿರುಬೆರಳಿನ ಉಗುರಿಗಿಂತ ಸಪೂರವಾದ ಗಾಜಿನ ಕೊಳವೆ, ಒಳಗೆ ಬಣ್ಣದ ದ್ರವ. ಕೋಣೆ ಕಾದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಸಿಡಿಯುತ್ತದೆ. ಬೆಂಕಿಯನ್ನು ಮೊದಲು ತಡೆಯುವುದು ಅದೇ. ಜನ ಅದಕ್ಕೆ ಹ್ಯಾಂಗರ್ ಸಿಕ್ಕಿಸಿ ಒದ್ದೆ ಬಟ್ಟೆ ನೇತುಹಾಕುತ್ತಾರಂತೆ. ಆ ಎಲೆಕ್ಟ್ರಿಷಿಯನ್ ಹುಡುಗ ಹೇಳುವಾಗ ನನಗೆ ಸಿಟ್ಟೇ ಬಂತು. ನಮ್ಮ ಅಳಿಯನಿಗೂ ಹೇಳಿಬಿಡು, ಬಟ್ಟೆ ಒಣಗಿಸಲು ಬಚ್ಚಲಲ್ಲಿ ದಾರವಿರುತ್ತದೆ.

ನಿನ್ನ ಅಮ್ಮನಿಗೆ ದೀಪದ ವಿಷಯ ಹೇಳುವುದು ಕಷ್ಟವಾಯಿತು. ಎಲ್ಲಿದ್ದರೂ ಸಂಜೆ ದೀಪ ಹಚ್ಚಬೇಕು ಎಂದು ನಿನ್ನನ್ನು ಬೆಳೆಸಿದವಳು ಅವಳು. ನಿನ್ನ ಪೆಟ್ಟಿಗೆಗೆಂದು ಪುಟ್ಟ ಹಿತ್ತಾಳೆಯ ದೀಪವನ್ನು ತೊಳೆದು, ಒರೆಸಿ, ಹೂಬತ್ತಿಯ ಸಮೇತ ಎತ್ತಿಟ್ಟಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದೀಪವನ್ನು ವಾಪಸು ದೇವರ ಗೂಡಿನಲ್ಲಿಟ್ಟಳು. ಐದು ಸಂಜೆಯೂ ಅದನ್ನು ಇಲ್ಲೇ ಹಚ್ಚುತ್ತಾಳಂತೆ. ನೀನು ಹಚ್ಚುವುದು ಬೇಡ ಎಂದು ಬರೆಯಲು ಹೇಳಿದ್ದಾಳೆ.

ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡಿದ್ದೀರಿ. ಅಲ್ಲಿ ಸಿಗರೇಟು ಸೇದುವಂತಿಲ್ಲ ಎಂಬುದು ಬರೀ ಶಿಸ್ತಿನ ಮಾತಲ್ಲ. 2006ರ ಮಾರ್ಚ್ 23ರ ನಸುಕಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗಿನ ಬಾಲ್ಕನಿಯೊಂದು ಹೊತ್ತಿಕೊಂಡಿತು. ಆರಿಸದೆ ಎಸೆದ ಸಿಗರೇಟೇ ಕಾರಣವಿರಬೇಕು ಎಂದಿತು ತನಿಖೆ. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆಗಳ ಮೂಲಕ ಬೆಂಕಿ ಒಂದರಿಂದ ಒಂದಕ್ಕೆ ಹಬ್ಬಿ ನೂರಾರು ಕ್ಯಾಬಿನ್‌ಗಳಿಗೆ ಹಾನಿಯಾಯಿತು, ಹೊಗೆ ಕುಡಿದು ಒಬ್ಬರು ಸತ್ತರು. ನಿಮ್ಮಲ್ಲಿ ಯಾರೂ ಸೇದುವವರಲ್ಲ, ಆದರೆ ಪಕ್ಕದ ಬಾಲ್ಕನಿಯಲ್ಲಿ ಕಂಡರೆ ಸಂಕೋಚಪಡದೆ ಸಿಬ್ಬಂದಿಗೆ ಹೇಳು. ಒದ್ದೆ ಟವೆಲ್ಲನ್ನು ಕಂಬಿಯ ಮೇಲೆ ಹರವಬೇಡ. ಕುರ್ಚಿಗಳನ್ನು ಕಂಬಿಯಿಂದ ದೂರ, ಬಾಗಿಲ ಬಳಿಗೆ ಎಳೆದಿಡು. ಐದು ವರ್ಷದ ಮಗು ಕುರ್ಚಿ ಕಂಡರೆ ಹತ್ತುತ್ತದೆ, ನಮ್ಮ ಮಾಳಿಗೆಯ ಮೇಲೆ ನೀನೂ ಹತ್ತುತ್ತಿದ್ದೆ. ರಾತ್ರಿ ಬಾಲ್ಕನಿ ಬಾಗಿಲಿನ ಮೇಲಿನ ಚಿಲಕ ಹಾಕಿಯೇ ಮಲಗು. ಬಾಲ್ಕನಿಯ ಬಾಗಿಲು ತೆರೆದಿರುವಾಗ ಹಜಾರದ ಬಾಗಿಲನ್ನೂ ತೆರೆದರೆ ಗಾಳಿ ಸೀಳಿಕೊಂಡು ಹೋಗಿ ಆ ಭಾರದ ಬಾಗಿಲು ಬಡಿದುಕೊಳ್ಳುತ್ತದೆ. ಮಗುವಿನ ಬೆರಳು ಎಲ್ಲಿದೆ ಎಂದು ನೋಡಿಕೊಂಡು ಬಾಗಿಲು ಮುಟ್ಟು. ಬಚ್ಚಲಿಗೂ ಎತ್ತರದ ಹೊಸ್ತಿಲಿರುತ್ತದೆ. ಎಡವದಂತೆ ರಾತ್ರಿ ಅಲ್ಲಿ ದೀಪ ಉರಿಯುತ್ತಿರಲಿ.

ಉಳಿದವು ಚಿಕ್ಕ ಮಾತುಗಳು. ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್ನಿಗೆ ಬರಲು ಗಂಟೆಗಟ್ಟಲೆ ಹಿಡಿಯಬಹುದು. ಔಷಧಿ, ಗುರುತಿನ ಚೀಟಿಗಳ ಮೂಲಪ್ರತಿ, ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದನ್ನು ಹಡಗಿನವರು ಮಾಡಿಸುತ್ತಾರೋ ಎಂದು ಈಗಲೇ ಕೇಳು. ದಡ ಮರೆಯಾಗುವ ಮುಂಚೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕು, ಹಡಗಿನ ಉಪಗ್ರಹ ಜಾಲಕ್ಕೆ ಅದು ತಾನಾಗಿ ಸೇರಿಕೊಂಡರೆ ಬಿಲ್ಲು ಭಾರಿಯಾಗುತ್ತದೆ. ಹೊಟ್ಟೆ ತೊಳಸಿದರೆ ಕ್ಯಾಬಿನ್ನಿನಲ್ಲಿ ಮುದುರಿಕೊಳ್ಳದೆ ಹಡಗಿನ ನಡುಭಾಗಕ್ಕೆ ಹೋಗಿ ದೂರದ ಬಾನಂಚನ್ನು ನೋಡುತ್ತಾ ಕುಳಿತುಕೋ. ಮಗುವಿಗೆ ಮಾತ್ರೆ ಕೊಡುವುದಿದ್ದರೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಸಾಲದು.

ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಆಗ ನಮ್ಮ ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಹರಿಗೋಲಿನಲ್ಲಿ ಹೋಗಿದ್ದನ್ನು ನೆನಪಿಸಿಕೋ. ಅಂಬಿಗ ಹೇಳಿದಲ್ಲಿ ಕೂರಬೇಕು, ನಡುನೀರಿನಲ್ಲಿ ಏಳಬಾರದು, ಇಳಿಯುವಾಗ ಅವನ ಕೈ ಹಿಡಿದೇ ಇಳಿಯಬೇಕು. ಅಲೆಯ ಮೇಲೆ ದೋಣಿಯೂ ಹಡಗೂ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಸಿಬ್ಬಂದಿ ‘ಈಗ’ ಎಂದಾಗ ಮಾತ್ರ ಕಾಲಿಡು. ಒಂದು ಕೈಯಲ್ಲಿ ಫೋನ್ ಇರಬಾರದು.

ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ ಎಂದು ನಿಯಮದಲ್ಲಿದೆ. ಅಷ್ಟರಲ್ಲಿ ನಿನ್ನ ಅಮ್ಮ ಖಡಕ್ ರೊಟ್ಟಿ ಬಡಿದಾಗಿತ್ತು, ಶೇಂಗಾ ಚಟ್ನಿ ಕುಟ್ಟಿಯಾಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮ ರಾಯಚೂರಿನ ಮೇಲೆಯೇ ಮುಂಬೈಗೆ ಹೋಗುತ್ತದಲ್ಲ, ನಸುಕಿನಲ್ಲಿ ಇಬ್ಬರೂ ಪ್ಲಾಟ್‌ಫಾರ್ಮಿಗೆ ಬರುತ್ತೇವೆ. ರೊಟ್ಟಿಯ ಗಂಟನ್ನು ರೈಲಿನಲ್ಲೇ ಮುಗಿಸಿ. ಅದರ ಜೊತೆ ಮೂರು ಸಣ್ಣ ಟಾರ್ಚ್ ಕೊಡುತ್ತೇನೆ, ಹೊಸ ಸೆಲ್ ಹಾಕಿ ನೋಡಿಟ್ಟಿದ್ದೇನೆ. ಹಡಗಿನಲ್ಲಿ ಮಲಗುವಾಗ ಒಂದೊಂದು ಒಬ್ಬೊಬ್ಬರ ತಲೆದಿಂಬಿನ ಪಕ್ಕ ಇರಲಿ. ಮಗುವಿನದು ಕೆಂಪು ಬಣ್ಣದ್ದು.

ಬೋಗಿಯ ಸಂಖ್ಯೆ ತಿಳಿಸು. ಹಡಗು ಹತ್ತಿ, ಹಜಾರದಲ್ಲಿ ನಡೆದು ಬಂದ ಮೇಲೆ, ಸಿಗ್ನಲ್ ಇರುವಾಗಲೇ ಎರಡು ಅಂಕೆ ಬರೆದು ಕಳುಹಿಸು: ಎಡಕ್ಕೆ ಎಷ್ಟು ಬಾಗಿಲು, ಬಲಕ್ಕೆ ಎಷ್ಟು.

ನಿನ್ನ ಅಪ್ಪ