ವ್ಯಾಖ್ಯಾನ ಮಾಲೆ ಇಡಿಯಾಗಿ ಬೇಕೆ?

ಮಾನ್ಯರೇ,

ನಿವೃತ್ತಿಯ ಹಣದಲ್ಲಿ ಬೈಬಲನ್ನು ಭಾಗ ಭಾಗವಾಗಿ ವಿವರಿಸುವ ‘ವರ್ಡ್’ ವ್ಯಾಖ್ಯಾನ ಮಾಲೆಯ ಹನ್ನೆರಡು ಸಂಪುಟ ಕೊಂಡು, ಬಲ್ಮಠದ ಮಳೆಗಾಲದಲ್ಲಿ ಬೂಷ್ಟು ಹಿಡಿಸಿದವನು ನಾನು. ಅದರಲ್ಲಿ ಪ್ರತಿ ಭಾಗಕ್ಕೂ ಗ್ರಂಥಸೂಚಿ, ಅನುವಾದ, ಟಿಪ್ಪಣಿ, ಕೊನೆಗೆ ವಿವರಣೆ. ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್ ಬಾರದ ನಾನು ನೇರವಾಗಿ ವಿವರಣೆಗೇ ಹಾರುತ್ತಿದ್ದೆ. ಇನ್ನೊಂದು ಮಾಲೆ ‘ಟಿಂಡೇಲ್’; ಪುಟ್ಟ ಪುಸ್ತಕ, ಬಸ್ಸಿನಲ್ಲೂ ಓದಬಹುದು. ಸಂಶಯ ಹುಟ್ಟುವ ಹೊತ್ತಿಗೆ ಮಾತು ಮುಗಿದಿರುತ್ತದೆ.

ನನಗೆ ಒಗ್ಗಿದ್ದು ‘ನ್ಯೂ ಇಂಟರ್‌ನ್ಯಾಷನಲ್’ ಮಾಲೆ. ಅಲ್ಲಿ ಗ್ರೀಕ್ ಚರ್ಚೆ ಬಹುಮಟ್ಟಿಗೆ ಅಡಿಟಿಪ್ಪಣಿಗೆ ಇಳಿದಿರುತ್ತದೆ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಪೇತ್ರನನ್ನು ಪ್ರೀತಿಯ ಬಗ್ಗೆ ಕೇಳುವಾಗ ‘ಪ್ರೀತಿಸು’ ಎಂಬರ್ಥದ ಅಗಪಾವೊ, ಫಿಲೆಯೊ ಎಂಬ ಎರಡು ಗ್ರೀಕ್ ಕ್ರಿಯಾಪದಗಳು ಬರುತ್ತವೆ. ಈ ವ್ಯತ್ಯಾಸದ ಮೇಲೆ ಚರ್ಚಿನಲ್ಲಿ ಎಷ್ಟು ಪ್ರಸಂಗ ಕೇಳಿದ್ದೇನೋ! ಆ ಮಾಲೆಗೆ ಯೋಹಾನನ ವ್ಯಾಖ್ಯಾನ ಬರೆದ ಲಿಯಾನ್ ಮಾರಿಸ್ ಇದು ಯೋಹಾನನ ಶೈಲಿಯಷ್ಟೇ ಎನ್ನುತ್ತಾರೆ. ತೆರೆದು ನೋಡಿದೆ: ತಂದೆ ಮಗನನ್ನು ಪ್ರೀತಿಸುವ ಮಾತಿಗೆ 3:35ರಲ್ಲಿ ಒಂದು ಪದ, 5:20ರಲ್ಲಿ ಇನ್ನೊಂದು. ಅರ್ಧ ಗಂಟೆ ಸುಮ್ಮನೆ ಕುಳಿತೆ.

ಒಂದೇ ಮಾಲೆಯಲ್ಲೂ ಸಂಪುಟದಿಂದ ಸಂಪುಟಕ್ಕೆ ಲೇಖಕರು ಬೇರೆ, ಗುಣವೂ ಬೇರೆ. ಬಿಡಿಯಾಗಿ ಕೊಳ್ಳುವುದೇ ಲೇಸು. 1841ರಲ್ಲೇ ಬಾಸೆಲ್ ಮಿಷನ್ ಮುದ್ರಣಾಲಯ ಕಂಡ ಊರು ನಮ್ಮದು; ನಾಲ್ಕು ಕ್ರೈಸ್ತ ಸಭೆಗಳು ಸೇರಿ ಒಂದೊಂದು ಸಂಪುಟ ಕೊಂಡು ಹಂಚಿಕೊಂಡು ಓದಬಾರದೇಕೆ? ನನ್ನ ಹನ್ನೆರಡನ್ನೂ ಒರೆಸಿ ಕೊಡಲು ಸಿದ್ಧನಿದ್ದೇನೆ.

– ನಿವೃತ್ತ ಶಿಕ್ಷಕ, ಬಲ್ಮಠ, ಮಂಗಳೂರು