ನಾಗಾಸಾಕಿಯ ನಡುಗಡ್ಡಿ, ನಮ್ಮೂರ ಕಂದಕ

ಸಂಪಾದಕರಿಗೆ ನಮಸ್ಕಾರ್ರೀ,

ನಮ್ಮ ವಿಜಯಪುರದ ಪ್ರವಾಸೋದ್ಯಮದ ಬಗ್ಗೆ ನಿಮ್ಮ ಪೇಪರಿನ್ಯಾಗ ಆಗಾಗ ಬರೋ ಪತ್ರ ಎಲ್ಲಾ ಓದ್ತಿರ್ತೀನಿ. ಎಲ್ಲಾರ ತಕರಾರು ಒಂದ, ಟೂರಿಸ್ಟ್ ಮಂದಿ ಬರ್ತಾರ, ಗೋಲಗುಮ್ಮಟ ಹತ್ತತಾರ, ಮ್ಯಾಲೆ ನಿಂತು ನಾಕ ಸಲ ಕೂಗ್ತಾರ, ಇಳದು ಚಾ ಕುಡದು ಬಾದಾಮಿ ಕಡೆ ಗಾಡಿ ಬಿಡ್ತಾರ, ರಾತ್ರಿ ಉಳಿಯವ್ರು ಯಾರೂ ಇಲ್ಲ. ಇದಕ್ಕ ಒಬ್ರು ಲೈಟ್ ಶೋ ಮಾಡ್ರಿ ಅಂತಾರ, ಇನ್ನೊಬ್ರು ವಾಟರ್ ಪಾರ್ಕ್ ಅಂತಾರ. ನಂದು ಬ್ಯಾರೆ ಮಾತೈತಿ. ಮಗಳು ಅಳಿಯ ಜಪಾನಿನ ಫುಕುವೋಕಾದಾಗ ಅದಾರ, ಈ ಸಲ ಅಲ್ಲಿಗೆ ಹೋದಾಗ ನಾನೂ ನಮ್ಮ ಮನಿಯಾಕಿನೂ ನಾಗಾಸಾಕಿಗೆ ಹೋಗಿ ಉಳದು ಬಂದ್ವಿ, ಆ ಊರು ಹಳೇದನ್ನ ಉಳಿಸಿಕೊಂಡ ರೀತಿ ನೋಡಿ ಇದನ್ನ ಬರೀಲೇಬೇಕು ಅನಿಸ್ತು.

ಹೋಗೂದು ಸಸಾರ ಐತ್ರಿ. ಫುಕುವೋಕಾದ ಹಕಾತಾ ಸ್ಟೇಷನ್‌ದಾಗ ರೈಲು ಹತ್ತಿದ್ರ ತಕೆಯೋ ಓನ್ಸೆನ್ ಅನ್ನೋ ಕಡೆ ಇಳದು ಅದ ಪ್ಲಾಟ್‌ಫಾರ್ಮಿನ ಎದುರಿಗೆ ನಿಂತ ಬುಲೆಟ್ ಟ್ರೇನ್ ಹತ್ತೂದು, ಎಲ್ಲಾ ಸೇರಿ ಒಂದೂವರೆ ತಾಸಿನ ದಾರಿ. ಈ ಬುಲೆಟ್ ಟ್ರೇನ್ ಲೈನು 2022ರ ಸೆಪ್ಟೆಂಬರ್‌ದಾಗ ಶುರು ಆಗಿದ್ದು.

ನಾಗಾಸಾಕಿ ಅಂದಕೂಡ್ಲೆ ನಮಗೆಲ್ಲಾ ನೆನಪಾಗೂದು ಬಾಂಬ್. 1945ರ ಆಗಸ್ಟ್ 9, ಮುಂಜಾನಿ 11 ಗಂಟೆ 2 ನಿಮಿಷ. ಅದು ಮೊದಲು ಬೀಳಬೇಕಾಗಿದ್ದು ಕೊಕುರಾ ಅನ್ನೋ ಊರ ಮ್ಯಾಲಂತ, ಅಲ್ಲಿ ಕೆಳಗ ಏನೂ ಕಾಣವಲ್ದು ಅಂತ ವಿಮಾನ ಈ ಕಡೆ ತಿರುಗಿಸ್ಯಾರ. ಆ ವರ್ಷ ಮುಗಿಯೂದ್ರೊಳಗ 70 ಸಾವಿರಕ್ಕೂ ಹೆಚ್ಚು ಮಂದಿ ಸತ್ರು. ಮ್ಯೂಸಿಯಂ ಬಗ್ಗೆ ನಾ ಬರೆಯೂದಿಲ್ಲ, ಬರೆಯಾಕ ಆಗೂದೂ ಇಲ್ಲ. ಆದ್ರ ಅಲ್ಲಿಂದ ಸ್ವಲ್ಪ ದೂರ ಸಾನ್ನೋ ಅಂತ ಒಂದು ಗುಡಿ ಐತಿ, ಅದರ ದಾರಿಯೊಳಗ ಕಲ್ಲಿನ ಕಮಾನು, ತೋರಿ ಅಂತಾರ ಅದಕ್ಕ, ಬಾಂಬ್ ಬಿದ್ದಾಗ ಅದರ ಒಂದು ಕಾಲು ಮುರದು ಬಿತ್ತು, ಇನ್ನೊಂದು ಕಾಲಿನ ಮ್ಯಾಲೆ ಅರ್ಧ ಕಮಾನು ಇವತ್ತಿಗೂ ಹಂಗ ನಿಂತೈತಿ. ಬಿದ್ದ ತುಂಡು ಬಾಜೂಕ ಇಟ್ಟಾರ. ಸಿಮೆಂಟ್ ಹಚ್ಚಿ ಹೊಸಾದು ಮಾಡಿಲ್ಲ, ಪೇಂಟ್ ಬಳದಿಲ್ಲ. ಗುಡಿ ಮುಂದಿನ ಎರಡು ಕರ್ಪೂರದ ಮರ ಸುಟ್ಟು ಬೋಳಾಗಿದ್ದು ಮತ್ತ ಚಿಗತು ಈಗ ಆಕಾಶ ಕಾಣದಷ್ಟು ಎಲಿ ಬಿಟ್ಟಾವ. ನಮ್ಮಾಕಿ ಅಲ್ಲೇ ಕಟ್ಟಿ ಮ್ಯಾಲೆ ಭಾಳ ಹೊತ್ತು ಕುಂತಳು.

ಆದ್ರ ಊರಿನ ಕಥಿ ಶುರು ಆಗೂದು ಅದಕ್ಕಿಂತ ಭಾಳ ಹಿಂದ, ಮತ್ತ ಅದರಾಗ ನಮ್ಮ ಕಡೆಯವರ ಸುದ್ದಿನೂ ಐತಿ. ಗೋವಾ ನಮ್ಮ ಆದಿಲಶಾಹಿಗಳ ಕೈಯಾಗ ಇತ್ತು, 1510ರಾಗ ಪೋರ್ಚುಗೀಸರು ಕಸಕೊಂಡ್ರು, ಇದು ಶಾಲಿ ಹುಡುಗರಿಗೂ ಗೊತ್ತು. ಆಮ್ಯಾಲೆ ಏನಾತು ಅನ್ನೂದು ನಾವು ಓದೂದಿಲ್ಲ. ಅದ ಗೋವಾದಿಂದ ಅವರ ಹಡಗ ಮಲಾಕ್ಕಾಕ್ಕ ಹೋಗಿ, ಮಕಾವ್‌ಗೆ ಹೋಗಿ, ಅಲ್ಲಿಂದ ಜಪಾನಿಗೆ ಹೋಗಾಕ ಹತ್ತಿದ್ವು, 1571ರಾಗ ನಾಗಾಸಾಕಿ ಬಂದರ ಅವರಿಗೆ ತೆರದದ್ದು, ಅಲ್ಲೀತನಕಾ ಅದೊಂದು ಮೀನುಗಾರರ ಹಳ್ಳಿ. ಸ್ಟೇಷನ್ ಹತ್ರ ನಿಶಿಜಾಕಾ ಅಂತ ದಿಬ್ಬ ಐತಿ, 1597ರಾಗ 26 ಮಂದಿ ಕ್ರಿಶ್ಚಿಯನ್ನರನ್ನ ಅಲ್ಲಿ ಶಿಲುಬಿಗೆ ಏರಿಸಿದ್ರು, ಆ 26ರಾಗ ಒಬ್ಬ ಗೊನ್ಸಾಲೊ ಗಾರ್ಸಿಯಾ, ಆತ ಹುಟ್ಟಿದ್ದು ನಮ್ಮ ಮುಂಬೈ ಹತ್ರದ ವಸಾಯಿಯೊಳಗ! ಆಮ್ಯಾಲೆ ಆ ಧರ್ಮಾನ ಬ್ಯಾನ್ ಆತು, ಸುಮಾರು 250 ವರ್ಷ ಮಂದಿ ಮನಿಯೊಳಗ ಗುಟ್ಟಾಗಿ ನಡಸಿಕೊಂಡು ಬಂದ್ರು, 1865ರಾಗ ಔರಾ ಚರ್ಚ್ ಕಟ್ಟಿದ ಮ್ಯಾಲೆ ಪಕ್ಕದ ಉರಾಕಾಮಿ ಹಳ್ಳಿಯವರು ಬಂದು ಫ್ರೆಂಚ್ ಪಾದ್ರಿ ಮುಂದ ನಾವೂ ನಿಮ್ಮವರ ಅಂತ ಹೇಳಿಕೊಂಡ್ರಂತ. ಆ ಉರಾಕಾಮಿ ಮ್ಯಾಲೇನ ಬಾಂಬ್ ಬಿದ್ದದ್ದು.

ಈಗ ನನ್ನ ಮೇನ್ ಮಾತಿಗೆ ಬರ್ತೀನಿ, ದೇಜಿಮಾ. ಪರದೇಶದವ್ರು ಊರಾಗ ಬೆರೀಬಾರ್ದು ಅಂತ 1634ರಿಂದ 36ರೊಳಗ ಸಮುದ್ರದಾಗ ಮಣ್ಣು ತುಂಬಿ ಬೀಸಣಿಕಿ ಆಕಾರದ್ದೊಂದು ಸಣ್ಣ ನಡುಗಡ್ಡಿ ಮಾಡಿದ್ರು, ನಾಕ ಎಕರೆನೂ ಇಲ್ಲ, ನಮ್ಮ ಕಡೆ ಒಂದು ದ್ರಾಕ್ಷಿ ತ್ವಾಟ ಇದಕ್ಕಿಂತ ದೊಡ್ಡದು ಇರತೈತಿ. ಊರಿಗೆ ಹಾದಿ ಅಂದ್ರ ಒಂದ ಸೇತುವೆ. ಮೊದಲ ಪೋರ್ಚುಗೀಸರನ್ನ ಇಟ್ರು, 1639ರಾಗ ಅವರನ್ನ ಹೊರಗ ಹಾಕಿ 1641ರಿಂದ ಡಚ್ಚರನ್ನ, ಅಂದ್ರ ಹಾಲೆಂಡಿನವರನ್ನ, ತಂದು ಕುಂದ್ರಿಸಿದ್ರು, ಅಲ್ಲಿಂದ ಎರಡು ನೂರು ವರ್ಷದ ಮ್ಯಾಲೆ ಯುರೋಪಿನ ವ್ಯಾಪಾರಕ್ಕ ಇಡೀ ಜಪಾನಿಗೆ ಇದೊಂದ ಬಾಗಿಲ. ಇಸವಿ ಸ್ವಲ್ಪ ಲಕ್ಷ ಕೊಟ್ಟು ನೋಡ್ರಿ, ಅವರು ಅಲ್ಲಿ ಮಣ್ಣು ತುಂಬೂ ಹೊತ್ತಿಗೆ ಇಲ್ಲಿ ಮುಹಮ್ಮದ್ ಆದಿಲಶಾಹ ಗೋಲಗುಮ್ಮಟ ಕಟ್ಟಸಾಕ ಹತ್ತಿದ್ದ. ಅದ ಡಚ್ ಕಂಪನಿಯವರು 1637ರಾಗ ಆದಿಲಶಾಹಿ ರಾಜ್ಯದ ವೆಂಗುರ್ಲಾದಾಗ ವ್ಯಾಪಾರದ ಕೋಠಿ ಹಾಕಿದ್ರು. ಅದಕ್ಕೂ ಮೊದಲ ಎರಡನೇ ಇಬ್ರಾಹಿಮನ ದರ್ಬಾರಿನ್ಯಾಗ ಕಾರ್ನೆಲಿಸ್ ಹೇಡಾ ಅನ್ನೋ ಡಚ್ ಪೇಂಟರ್ ಇದ್ದ. ಅಂದ್ರ ನಾವೂ ಆ ಕಾಲದಾಗ ಜಗತ್ತಿನ ಸಂತಿಯೊಳಗ ಇದ್ದವ್ರ, ಆದ್ರ ಇದರ ಒಂದು ಸಾಲು ನಮ್ಮೂರಾಗ ಯಾವ ಬೋರ್ಡಿನ ಮ್ಯಾಲೂ ನಾ ಕಂಡಿಲ್ಲ.

ಮುಂದ ದೇಜಿಮಾ ಗತಿ ಏನಾತು ಅಂದ್ರ, ವ್ಯಾಪಾರ ಬ್ಯಾರೆ ಕಡೆ ಹೋತು, 1888ರಾಗ ನದಿ ತಿರುಗಿಸೂ ಮುಂದ ನಡುಗಡ್ಡಿ ಒಂದು ಕಡೆ ಕಡದು ಹಾಕಿದ್ರು, ಸೇತುವೆನೂ ಹೋತು, 1904ರ ಹೊತ್ತಿಗೆ ಬಂದರ ಕೆಲಸದಾಗ ಸುತ್ತಲಿನ ಸಮುದ್ರಾನ ಮುಚ್ಚಿ ಬಿಟ್ರು. ನಡುಗಡ್ಡಿ ಊರಾಗ ಕಳದು ಹೋತು, ಮ್ಯಾಲೆ ಮನಿ, ಅಂಗಡಿ, ರೋಡು. ನಮ್ಮಲ್ಲಿ ಆಗಿದ್ರ ಇಷ್ಟಕ್ಕ ಮುಗೀತಿತ್ತು. ಆದ್ರ 1951ರಾಗ, ಬಾಂಬ್ ಬಿದ್ದು ಇನ್ನೂ ಆರ ವರ್ಷ, ಮಂದಿಗೆ ಇರಾಕ ಮನಿ ಸಾಲದ ಕಾಲದಾಗ, ಊರಿನವರು ಇದನ್ನ ಹೊಳ್ಳಿ ತರೂದು ಅಂತ ಕೆಲಸ ಶುರು ಮಾಡಿದ್ರು. ಬುಲ್ಡೋಜರ್ ತಂದು ಯಾರ ಮನಿನೂ ರಾತ್ರೋರಾತ್ರಿ ಕೆಡವಲಿಲ್ಲ, ಒಂದೊಂದ ಪ್ಲಾಟು ರೊಕ್ಕಾ ಕೊಟ್ಟು ಕೊಂಡ್ರು. ಎಲ್ಲಾ ಜಾಗಾ ಕೈಗೆ ಬರಾಕ 2001 ಆತು! ಮೇಯರ್ ಬದಲಾದ್ರು, ಸರ್ಕಾರ ಬದಲಾದ್ವು, ಫೈಲ್ ಬದಲಾಗಲಿಲ್ಲ. ಆಮ್ಯಾಲೆ ಹಳೇ ನಕ್ಷಾ, ಚಿತ್ರ, ಉತ್ಖನನದಾಗ ಸಿಕ್ಕ ಅಡಿಪಾಯ ನೋಡಿ 16 ಕಟ್ಟಡ ಕಟ್ಟ್ಯಾರ, 2017ರಾಗ ಸೇತುವೆನೂ ಬಂತು, ಅಂದ್ರ ಕಿತ್ತ ಮ್ಯಾಲೆ ಸುಮಾರು 130 ವರ್ಷಕ್ಕ ಮಂದಿ ಮತ್ತ ನೀರು ದಾಟಿ ದೇಜಿಮಾಕ್ಕ ಕಾಲಿಟ್ರು. ಮುಂದಿನ ಗುರಿ ಏನ್ರೀ ಅಂದ್ರ ನಾಲ್ಕೂ ಕಡೆ ನೀರು ತಂದು ಮೊದಲಿನಂಗ ನಡುಗಡ್ಡಿ ಮಾಡೂದು, ಅದಕ್ಕ 2050ರ ಲೆಕ್ಕ ಇಟ್ಟಾರ.

ಒಳಗ ಡಚ್ ಸಾಹೇಬನ ಮನಿ ಐತಿ, ನೆಲಕ್ಕ ಜಪಾನಿ ಚಾಪಿ, ಅದರ ಮ್ಯಾಲೆ ಯುರೋಪಿನ ಮೇಜು ಕುರ್ಚಿ, ಗೋಡಿಗೆ ಹೂವಿನ ಡಿಸೈನಿನ ಕಾಗದ. ಅಂಗಳದಾಗ ಇಡೀ ದೇಜಿಮಾದ ಸಣ್ಣ ಮಾಡೆಲ್ ಇಟ್ಟಾರ, ಹದಿನೈದರಾಗ ಒಂದು ಪಾಲಿನಷ್ಟು, ಶಾಲಿ ಹುಡುಗ್ರು ಅದರ ಸುತ್ತ ಬಗ್ಗಿ ನಿಂತು ನಾವೀಗ ಎಲ್ಲಿ ನಿಂತೀವಿ ಅಂತ ಬೆರಳು ತೋರಿಸಿ ಜಗಳಾಡಾಕ ಹತ್ತಿದ್ವು. ಬೆಳಕಿನ ಆಟ ಇಲ್ಲ, ಏನಿಲ್ಲ, ಆದ್ರೂ ನಮಗ ಅರ್ಧ ದಿನ ಸಾಲಲಿಲ್ಲ.

ತಿರುಗಾಡೂದು ಹೇಳ್ತೀನಿ. ಊರ ತುಂಬ ಟ್ರಾಮ್ ಓಡ್ತಾವ, 1915ರಿಂದ ಅವ, ಹಿಂದಿನ ಬಾಗಿಲದಾಗ ಹತ್ತಿ ಮುಂದ ಇಳಿಯೂ ಮುಂದ ಡಬ್ಬಿಗೆ ರೊಕ್ಕಾ ಹಾಕೂದು, ಎಲ್ಲಿ ಹತ್ತಿ ಎಲ್ಲಿ ಇಳಿದ್ರೂ ಒಂದ ರೇಟು, ಚೌಕಾಶಿ ಇಲ್ಲ. ಊರು ಗುಡ್ಡದ ಮ್ಯಾಲೈತಿ, ಎಲ್ಲಿ ನೋಡಿದ್ರೂ ಮೆಟ್ಟಿಲ, ನನ್ನ ಮೊಣಕಾಲಿಗೆ ಅದೊಂದು ದೊಡ್ಡ ಚಿಂತಿ ಇತ್ತು, ಆದ್ರ ಗ್ಲೋವರ್ ಅನ್ನೋ ಸ್ಕಾಟ್ಲೆಂಡಿನ ವ್ಯಾಪಾರಿಯ 1863ರ ಮನಿ ನೋಡಾಕ ಗುಡ್ಡ ಏರೂದಕ್ಕ ಓರಿಯಾಗಿ ಹೋಗೋ ಲಿಫ್ಟ್ ಮಾಡ್ಯಾರ, ಫ್ರೀ, ಓಣಿ ಅಜ್ಜಿಯರು ಕಾಯಿಪಲ್ಲೆ ಚೀಲ ಹಿಡ್ಕೊಂಡು ಅದರಾಗ ಹೋಗ್ತಿದ್ರು. ಟೂರಿಸ್ಟಿಗೆ ಅಂತ ಬ್ಯಾರೆ ಮಾಡಿಲ್ಲ, ಊರ ಮಂದಿಗೆ ಮಾಡಿದ್ದು ಟೂರಿಸ್ಟಿಗೂ ಆಗೇತಿ, ಇದು ನನಗ ಭಾಳ ಸೇರಿತು.

ಊಟದ್ದು ಮಾತ್ರ ಶಾಖಾಹಾರಿಗಳು ಹುಷಾರಿರ್ರಿ, ಅಲ್ಲಿನ ಫೇಮಸ್ ಚಾಂಪೋನ್ ನೂಡಲ್ಸಿನ್ಯಾಗ ಹಂದಿ, ಸೀಗಡಿ ಎಲ್ಲಾ ಇರತೈತಿ, ಬರೇ ಸಾರು ಅಂದ್ರೂ ಮೀನಿಂದ. ನಾವು ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ ಹೋಗಿದ್ವಿ, ಬಚಾವ್. ಪೋರ್ಚುಗೀಸರಿಂದ ಕಲಿತ ಕಾಸ್ತೆಲ್ಲಾ ಅಂತ ಕೇಕ್ ಸಿಗತೈತಿ, ತತ್ತಿ ನಡೀತಿದ್ರ ತಿನ್ರಿ, ತಳದ ಕಾಗದ ಸುಲದ್ರ ದಪ್ಪ ಸಕ್ರಿ ಹರಳು ಅಂಟಿರತಾವ, ಹಲ್ಲಿಗೆ ಕರಕರ ಅಂತಾವ.

ಇನ್ನ ನಮ್ಮೂರು. ಸುಮಾರು 10 ಕಿಲೋಮೀಟರ್ ಸುತ್ತಳತಿಯ ಕ್ವಾಟಿ ಗೋಡಿ ಐತಿ, ಅದರ ಹೊರಗ ಕಂದಕ ಐತಿ, ನಮ್ಮ ಮನಿ ಹತ್ರದ ಕಂದಕದಾಗ ಏನೈತಿ ಅಂದ್ರ ಪ್ಲಾಸ್ಟಿಕ್ಕು, ಒಡದ ಕಮೋಡು, ಮದುವಿ ಊಟದ ಎಲಿ. ದಖ್ಖನಿನ ಸುಲ್ತಾನರ ಕ್ವಾಟಿ, ಕಟ್ಟಡ ಎಲ್ಲಾ ಸೇರಿಸಿ 2014ರಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹೋಗ್ಯಾವ, ವಿಜಯಪುರಾನೂ ಅದರಾಗ ಐತಿ. ಅದರ ಮುಂದಿನ ವರ್ಷ ನಾಗಾಸಾಕಿಯ ಗ್ಲೋವರ್ ಮನಿ ಪೂರ್ತಿ ಪಟ್ಟಿಗೆ ಬಂತು, 2018ರಾಗ ಔರಾ ಚರ್ಚೂ ಬಂತು. ಪಟ್ಟಿ ಹಾಳಾಗಿ ಹೋಗ್ಲಿ ಬಿಡ್ರಿ, ನಾ ಕೇಳೂದು ಒಂದು ಐವತ್ತು ವರ್ಷದ ಪ್ಲಾನು, ಎಲೆಕ್ಷನ್ ಬಂದಾಗೊಮ್ಮೆ ಬದಲಾಗದ್ದು. ಕಂದಕದ ಒಂದೊಂದ ತುಂಡು ಸ್ವಚ್ಛ ಮಾಡ್ಕೋತ ಹೋಗೂದು, ಸ್ಮಾರಕಕ್ಕ ಹತ್ತಿದ ಮನಿಯವರನ್ನ ಒತ್ತುವರಿದಾರ ಅಂತ ಬೈಯೂ ಬದ್ಲಿ ಬರೋಬರಿ ರೇಟು ಕೊಟ್ಟು, ಬ್ಯಾರೆ ಜಾಗಾ ಕೊಟ್ಟು, ನಿಧಾನಕ ಬಿಡಿಸೂದು. ನಮ್ಮೂರ ಹಳೇ ಬಾವಿ ತಾಜ್ ಬಾವಡಿ ಹೂಳು ತಗದಾಗ ಊರಿಗೆ ಊರ ನೋಡಾಕ ಬಂದಿತ್ತಲ್ಲ, ಮಂದಿಗೆ ಬ್ಯಾಡ ಅಂತ ಯಾರಂದ್ರು?

ನಮಗ ಟ್ರಾಮ್ ಬ್ಯಾಡ, ಟಾಂಗಾ ಅವ. ಗೋಲಗುಮ್ಮಟದಿಂದ ಜಾಮಿಯಾ ಮಸೂತಿ, ಅಸಾರ್ ಮಹಲ್, ಗಗನ್ ಮಹಲ್, ಬಾರಾ ಕಮಾನ್, ಮುಲ್ಕ್ ಮೈದಾನ್ ತೋಪು, ಕಡೀಕ ಇಬ್ರಾಹಿಂ ರೋಜಾ, ಇಷ್ಟಕ್ಕ ಒಂದ ಫಿಕ್ಸ್ ರೇಟು ಬರದ ಬೋರ್ಡ್ ಹಚ್ಚಿದ್ರ ಟಾಂಗಾದವ್ರಿಗೂ ದಿನಾ ದುಡಿಮಿ, ಬಂದವ್ರಿಗೂ ಕಿರಿಕಿರಿ ಇಲ್ಲ, ಮತ್ತ ಇಷ್ಟು ನೋಡಾಕ ರಾತ್ರಿ ಉಳೀಲೇಬೇಕು. ನಾಗಾಸಾಕಿಯವ್ರು 2006ರಾಗ ಊರ ಮಂದಿನ್ನ ಗೈಡ್ ಮಾಡಿ ಓಣಿ ಓಣಿ ನಡಕೊಂಡು ತೋರಿಸೂ ಹಬ್ಬ ಮಾಡಿದ್ರು, ಅದು ಇವತ್ತಿಗೂ ನಡದೈತಿ. ನಮ್ಮಲ್ಲಿ ರಿಟೈರ್ಡ್ ಮಾಸ್ತರಿಗೇನ ಕಡಿಮಿ ಇಲ್ಲ, ನಾನ ಮೊದಲ ಹೆಸರು ಕೊಡ್ತೀನಿ.

ನಿಮ್ಮ ಪೇಪರಿಗೊಂದು ವಿನಂತಿ. ಜಿಲ್ಲಾ ಪುಟದಾಗ ವಾರಕ್ಕೊಂದು ಹಳೇ ಕಟ್ಟಡದ ಫೋಟೋ, ಅದರ ಕಥಿ ಒಂದು ಕಾಲಂ ಹಾಕ್ರಿ, ಗೋಲಗುಮ್ಮಟ ಬಿಟ್ಟು. ಮೊದಲನೇ ವಾರಕ್ಕ ಅಸಾರ್ ಮಹಲ್ ತಗೋರಿ, ನ್ಯಾಯಾ ಮಾಡೂ ಜಾಗಾ ಅಂತ ಕಟ್ಟಿದ್ದು, ಮಾಳಗಿ ಮ್ಯಾಲಿನ ಗೋಡಿಗೆ ಚಿತ್ರ ಬರದಿದ್ದು ಊರಾಗ ಎಷ್ಟೋ ಮಂದಿಗೆ ಗೊತ್ತಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ವಿಜಯಪುರ