ರಿಪೋರ್ಟ್ ಜೊತೆಗೆ ಒಂದು ಗಂಟೆ ಸಮಯವನ್ನೂ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ ಆರು ವರ್ಷ. ಥಲಸ್ಸೇಮಿಯಾ ಮೇಜರ್ ಇದೆ, ಅಂದರೆ ಮೈಯಲ್ಲಿ ಸಾಕಷ್ಟು ಒಳ್ಳೆಯ ರಕ್ತ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಅದರಿಂದ ಮೈಯಲ್ಲಿ ಕಬ್ಬಿಣದ ಅಂಶ ಜಾಸ್ತಿಯಾಗುತ್ತದೆ. ಅದನ್ನು ಹೊರಹಾಕಲು ದಿನಾ ಮಾತ್ರೆ.

ಕಾಯಿಲೆ ಗೊತ್ತಾದ ದಿನ ರಿಪೋರ್ಟ್ ಕೈಗಿಟ್ಟು, "ಇದು ಹುಟ್ಟಿನಿಂದ ಬಂದಿದ್ದು, ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ" ಎಂದು ನಿಂತಲ್ಲೇ ಹೇಳಿ ಕಳಿಸಿದರು. ಮನೆಯಲ್ಲಿ ಯಾರ ಕಡೆಯಿಂದ ಬಂತು ಅನ್ನುವ ಮಾತು ಶುರುವಾಯಿತು. ಬೊಟ್ಟು ನನ್ನ ಕಡೆಗೇ ತಿರುಗಿತು. ನಾನೂ ನನ್ನವರೂ ಇನ್ನೊಂದು ಲೆಕ್ಕ ಹಾಕಿಕೊಂಡಿದ್ದೆವು. ನಾಲ್ಕರಲ್ಲಿ ಒಂದು ಆಗಿಹೋಯಿತು, ಮುಂದಿನ ಮಗುವಿಗೆ ಏನೂ ಆಗುವುದಿಲ್ಲ ಅಂತ.

ಅದು ತಪ್ಪು ಲೆಕ್ಕ ಎಂದು ತಿಳಿದದ್ದು ಎರಡು ವರ್ಷದ ಮೇಲೆ, ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಒಬ್ಬರ ಮುಂದೆ ಕೂತಾಗ. ಅವರು ಒಂದು ಹಾಳೆ ತೆಗೆದುಕೊಂಡು ನಮ್ಮ ಮೂರು ತಲೆಮಾರು ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಮಗನ ಚೌಕಕ್ಕೆ ಪೂರ್ತಿ ಪೆನ್ಸಿಲ್ ಬಳಿದರು. ಆಮೇಲೆ ನನ್ನ ಸೊನ್ನೆಗೆ ಅರ್ಧ, ನನ್ನವರ ಚೌಕಕ್ಕೆ ಅರ್ಧ. ಇಬ್ಬರೂ ವಾಹಕರು, ಅಂದರೆ ನಮಗೆ ಕಾಯಿಲೆ ಇಲ್ಲ, ಆದರೆ ಮಗುವಿಗೆ ದಾಟಿಸಬಲ್ಲ ದೋಷ ಇಬ್ಬರಲ್ಲೂ ಇದೆ. ಆ ಹಾಳೆಯನ್ನು ಮನೆಗೆ ತಂದು ಅತ್ತೆಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆ ಮಾತು ಮತ್ತೆ ಬರಲಿಲ್ಲ.

ಒಂದೊಂದು ಬಸಿರಿಗೂ ಲೆಕ್ಕ ಮೊದಲಿನಿಂದ ಶುರುವಂತೆ. ಪ್ರತಿ ಸಲವೂ ಕಾಯಿಲೆಯ ಸಾಧ್ಯತೆ ಶೇ 25, ಬರೀ ವಾಹಕ ಆಗುವ ಸಾಧ್ಯತೆ ಶೇ 50. ಹಿಂದೆ ಹುಟ್ಟಿದ ಮಗು ಲೆಕ್ಕಕ್ಕೇ ಬರುವುದಿಲ್ಲ. ವಾಹಕರ ರಕ್ತಕಣ ಚಿಕ್ಕದಾಗಿರುತ್ತವೆ, ನೋಡಿದರೆ ಕಬ್ಬಿಣದ ಕೊರತೆ ಅನ್ನಿಸುತ್ತದೆ. ನಾನು ಕಾಲೇಜಿನ ದಿನಗಳಿಂದ ಸುಮ್ನೆ ಕಬ್ಬಿಣದ ಮಾತ್ರೆ ನುಂಗಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಮತ್ತೆ ಬಸಿರಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಈ ಕಾಯಿಲೆ ಇದೆಯೇ ಎಂದು ನೋಡಲು 10ರಿಂದ 13 ವಾರದೊಳಗೆ ಮಾಡುವ ಪರೀಕ್ಷೆಯ ಬಗ್ಗೆಯೂ ಹೇಳಿದರು. ಅದರಲ್ಲಿ ಗರ್ಭಪಾತದ ಸಣ್ಣ ಅಪಾಯ ಇರುವುದನ್ನೂ ಮುಚ್ಚಿಡಲಿಲ್ಲ. ಮಾಡಿಸಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಿರ್ಧಾರ ನಿಮ್ಮದು ಎಂದರು. ಅಷ್ಟು ಗೌರವದಿಂದ ನಮ್ಮ ಜೊತೆ ಅಲ್ಲಿಯವರೆಗೆ ಯಾರೂ ಮಾತಾಡಿರಲಿಲ್ಲ.

ಎದ್ದು ಬರುವಾಗ, "ನಿಮ್ಮ ತಂಗಿಗೂ, ಮೈದುನನಿಗೂ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿ" ಎಂದರು. ವಾಹಕರು ಹೌದೋ ಅಲ್ಲವೋ ಎಂದು ನೋಡುವ ರಕ್ತಪರೀಕ್ಷೆ ಅದು. ತಂಗಿಯೂ ವಾಹಕಿ. ಅವಳನ್ನು ಮದುವೆಯಾಗುವ ಹುಡುಗ ತಾನೇ ಹೋಗಿ ಅದೇ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾನೆ.

ಇಂಥ ರಿಪೋರ್ಟ್ ಕೊಡುವ ದಿನವೇ ಕೌನ್ಸೆಲಿಂಗ್‌ಗೂ ಒಂದು ದಿನ ಗೊತ್ತು ಮಾಡಿ ಚೀಟಿ ಬರೆದುಕೊಡಿ ಎಂದು ಎಲ್ಲ ಆಸ್ಪತ್ರೆಯವರನ್ನೂ ಕೇಳಿಕೊಳ್ಳುತ್ತೇನೆ. ನಮಗೆ ಆ ಚೀಟಿ ಸಿಗಲು ಎರಡು ವರ್ಷ ಹಿಡಿಯಿತು.

– ಒಬ್ಬ ತಾಯಿ